ಕಠ್ಮಂಡುಗೆ ಮಿಷನ್ ಯಾತ್ರೆ: ಶಿಬಿರ, ಕರಪತ್ರ, ಅನುಮತಿ?

ಯುವಸಭೆ_ಸಂಯೋಜಕ:
ಜುಲೈನಲ್ಲಿ ನಮ್ಮ ಸಭೆಯಿಂದ (ಚರ್ಚಿನಿಂದ) 12 ಜನ ಕಠ್ಮಂಡುಗೆ ಹೊರಡುವ ಯೋಚನೆ ಇದೆ. ಎಲ್ಲರೂ ಭಾರತೀಯರು. ಇಬ್ಬರು ಡಾಕ್ಟರು, ಒಬ್ಬರು ನರ್ಸ್. ಎರಡು ದಿನ ಉಚಿತ ಆರೋಗ್ಯ ಶಿಬಿರ, ಒಂದು ಅನಾಥಾಶ್ರಮದಲ್ಲಿ ವಿಬಿಎಸ್ (ಮಕ್ಕಳಿಗೆ ಹಾಡು-ಆಟದೊಂದಿಗೆ ಬೈಬಲ್ ಕಲಿಸುವ ರಜಾ ಶಾಲೆ), ಸಂಜೆ ಬೀದಿಯಲ್ಲಿ ಯೇಸುವಿನ ಬಗ್ಗೆ ನೇಪಾಳಿ ಕರಪತ್ರ ಹಂಚಿಕೆ, ಭಾನುವಾರ ಅಲ್ಲಿನ ಸಭೆಯಲ್ಲಿ ಸಂದೇಶ (ಪ್ರವಚನ). ವೀಸಾ ಬೇಡ ಅಂತ ಗೊತ್ತು. ಬೇರೆ ಅನುಮತಿ ಬೇಕೇ? ಔಷಧಿ ಇಲ್ಲಿಂದಲೇ ಒಯ್ಯಬಹುದೇ?

ಗಡಿಯಾಚೆ:
ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇಟ್ಟುಕೊಳ್ಳಿ, ಆಧಾರ್ ನಂಬಿಕೊಂಡು ಹೊರಡಬೇಡಿ.

ಕರಪತ್ರವನ್ನು ಪಟ್ಟಿಯಿಂದ ಈಗಲೇ ಹೊಡೆದುಹಾಕಿ. ನೇಪಾಳದ 2015ರ ಸಂವಿಧಾನದ 26ನೇ ವಿಧಿ ಧರ್ಮಾಚರಣೆಯ ಹಕ್ಕು ಕೊಟ್ಟು, ಅದರ 3ನೇ ಉಪವಿಧಿಯಲ್ಲೇ ಇನ್ನೊಬ್ಬರನ್ನು ಮತಾಂತರಿಸಬಾರದು ಎನ್ನುತ್ತದೆ. 2018ರ ಆಗಸ್ಟ್‌ನಲ್ಲಿ ಜಾರಿಯಾದ ದಂಡ ಸಂಹಿತೆಯ 158ನೇ ಕಲಮಿನಂತೆ ಮತಾಂತರ, ಅದರ ಪ್ರಯತ್ನ, ಅದಕ್ಕೆ ಕುಮ್ಮಕ್ಕು ಎಲ್ಲಕ್ಕೂ 5 ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ. ವಿದೇಶಿಯರಾದರೆ ಶಿಕ್ಷೆ ಮುಗಿದ 7 ದಿನದೊಳಗೆ ಗಡೀಪಾರು. ವೀಸಾ ಬೇಡವೆಂಬ ಕಾರಣಕ್ಕೆ ಭಾರತೀಯರಿಗೆ ಇದರಲ್ಲಿ ರಿಯಾಯಿತಿ ಇಲ್ಲ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ನೇಪಾಳದ ದೊಡ್ಡ ಭೂಕಂಪದ ಮರುವರ್ಷ, 2016ರಲ್ಲಿ, ದೋಲಖಾ ಜಿಲ್ಲೆಯ ಚರಿಕೋಟ್‌ನಲ್ಲಿ ಶಾಲಾಮಕ್ಕಳಿಗೆ ಯೇಸುವಿನ ಚಿತ್ರಕಥೆ ಹಂಚಿದ್ದಕ್ಕೆ 8 ಜನ ಕ್ರೈಸ್ತರ ಮೇಲೆ ಮೊಕದ್ದಮೆ ಬಿತ್ತು. ಕೊನೆಗೆ ಖುಲಾಸೆಯಾದರೂ ತಿಂಗಳುಗಟ್ಟಲೆ ಕೋರ್ಟಿಗೆ ಅಲೆದದ್ದಂತೂ ತಪ್ಪಲಿಲ್ಲ. ನೀವು ವಿಮಾನ ಹತ್ತಿ ವಾಪಸ್ ಬಂದ ಮೇಲೆ ಪೊಲೀಸರು ತಟ್ಟುವುದು ಅಲ್ಲಿನ ಸಭಾಪಾಲಕರ (ಪಾಸ್ಟರ್) ಬಾಗಿಲನ್ನು. ಹಾಗಾಗಿ ಏನು ಮಾಡಬೇಕು, ಯಾವ ಫೋಟೋ ಹಾಕಬಹುದು ಅನ್ನುವುದನ್ನು ಅವರೇ ಹೇಳಲಿ. ಫೇಸ್‌ಬುಕ್ಕಿನಲ್ಲಿ ‘ಇಷ್ಟು ಆತ್ಮಗಳು’ ಎಂದು ಕ್ರಿಸ್ತನನ್ನು ನಂಬಿದವರ ಲೆಕ್ಕ ಬರೆಯುವುದು ಅವರ ವಿರುದ್ಧ ಸಾಕ್ಷ್ಯ ಒದಗಿಸಿದಂತೆ.

ಅನಾಥಾಶ್ರಮವನ್ನೂ ಕೈಬಿಡಿ. ಅಂಥ ಗೃಹಗಳ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಬಂದುಹೋಗುವ ತಂಡಗಳ ಕಾಣಿಕೆಯೇ ಹಳ್ಳಿಗಳಿಂದ ಇನ್ನಷ್ಟು ಮಕ್ಕಳನ್ನು ಕರೆತರಲು ಕಾರಣವಾಗುತ್ತದೆ. ಸಭೆಯವರ ಮಕ್ಕಳಿಗೆ, ಪೋಷಕರ ಒಪ್ಪಿಗೆಯೊಂದಿಗೆ, ಸಭೆಯ ಕಟ್ಟಡದೊಳಗೆ ಹಾಡು-ಆಟ ನಡೆಸಬಹುದು. ಅದೂ ಸಭಾಪಾಲಕರು ಸರಿ ಅಂದರೆ.

ಶಿಬಿರದ_ಪೆಟ್ಟಿಗೆ:
ಶಿಬಿರದ ಬಗ್ಗೆ. ವಿದೇಶಿ ಡಾಕ್ಟರು ಒಂದೇ ದಿನ ರೋಗಿಗಳನ್ನು ನೋಡುವುದಾದರೂ ನೇಪಾಳ ಮೆಡಿಕಲ್ ಕೌನ್ಸಿಲ್‌ನ ತಾತ್ಕಾಲಿಕ ನೋಂದಣಿ ಬೇಕು. ನರ್ಸ್‌ಗೆ ನರ್ಸಿಂಗ್ ಕೌನ್ಸಿಲ್ ಬೇರೆ. ಅರ್ಜಿ ಅಲ್ಲಿನ ಆಸ್ಪತ್ರೆ ಅಥವಾ ನೋಂದಾಯಿತ ಸಂಸ್ಥೆಯ ಮೂಲಕ ಹೋಗಲಿ. ಪದವಿ ಪತ್ರ, ಇಲ್ಲಿನ ನೋಂದಣಿ, ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರ (ವೃತ್ತಿಯಲ್ಲಿ ಶಿಸ್ತುಕ್ರಮವಿಲ್ಲ ಎಂಬ ದೃಢೀಕರಣ) ಇವನ್ನೆಲ್ಲ ತಿಂಗಳುಗಳ ಮೊದಲೇ ಸಿದ್ಧಮಾಡಿ. ಪ್ರವಾಸ ಮುಂದೆ ಹೋದರೆ ದಶೈಂ (ಅಲ್ಲಿನ ದಸರಾ) ಹಬ್ಬದ ವಾರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಆಗ ಕಚೇರಿಗಳಲ್ಲಿ ಯಾರೂ ಸಿಗುವುದಿಲ್ಲ.

ಔಷಧಿ ಒಯ್ಯಬೇಡಿ, ಹಣ ಕೊಟ್ಟು ಅಲ್ಲೇ ಕೊಳ್ಳಿ. ಹೊರಗಿನಿಂದ ತಂದರೆ ಔಷಧ ಇಲಾಖೆಯ ಅನುಮತಿ, ಕಸ್ಟಮ್ಸ್ ಎರಡೂ ಎದುರಾಗುತ್ತವೆ. ದಾನದ ಔಷಧಿ ತಲುಪಿದಾಗ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಸ್ಯಾಂಪಲ್ ಸ್ಟ್ರಿಪ್‌ಗಳ ಚೀಲ ಇದರಲ್ಲಿ ಪಾಸಾಗುವುದು ಅಪರೂಪ. ನನ್ನ ಕೇಳಿದರೆ ಎರಡು ದಿನದ ಶಿಬಿರವೇ ದುರ್ಬಲ ಯೋಜನೆ. ಬಿಪಿ, ಸಕ್ಕರೆ ಕಾಯಿಲೆಗೆ 15 ದಿನದ ಮಾತ್ರೆ ಕೊಟ್ಟು ಬಂದರೆ 16ನೇ ದಿನ ರೋಗಿ ಎಲ್ಲಿಗೆ ಹೋಗಬೇಕು? ಅಲ್ಲಿನ ಯಾವುದಾದರೂ ಆಸ್ಪತ್ರೆ ಕೇಳಿದರೆ ಅದರ ಸಿಬ್ಬಂದಿಗೆ ತರಬೇತಿ ಕೊಡಿ, ಅದು ಉಳಿಯುತ್ತದೆ.

ಯುವಸಭೆ_ಸಂಯೋಜಕ:
ಕರಪತ್ರ, ಅನಾಥಾಶ್ರಮ ಎರಡೂ ಬಿಟ್ಟೆವು. ಶಿಬಿರದ ಬದಲು ತರಬೇತಿ ಬಗ್ಗೆ ಸಭಾಪಾಲಕರನ್ನು ಕೇಳುತ್ತೇವೆ. ಜುಲೈ ಸರಿಯೇ? ಭಾನುವಾರದ ಆರಾಧನೆಗೆ ಏನು ತಯಾರಿ?

ಮಾದಲ್_ತಾಳ:
ಭಾನುವಾರ ಅಲ್ಲ, ಶನಿವಾರ! ಅಲ್ಲಿ ವಾರದ ರಜೆ ಶನಿವಾರವಾದ್ದರಿಂದ ಹೆಚ್ಚಿನ ಸಭೆಗಳು ಅಂದೇ ಸೇರುತ್ತವೆ. ಶುಕ್ರವಾರ ರಾತ್ರಿ ತಲುಪಿ ಬೆಳಗ್ಗೆ ಸಂದೇಶ ಕೊಡುವ ಹಾಗೆ ಟಿಕೆಟ್ ಮಾಡಬೇಡಿ, ಮಳೆಗಾಲದಲ್ಲಿ ವಿಮಾನ ತಡವಾಗುವುದು ಮಾಮೂಲು. ಚಪ್ಪಲಿ ಹೊರಗೆ. ಅನೇಕ ಕಡೆ ಗಂಡಸರು ಹೆಂಗಸರು ಬೇರೆ ಬೇರೆ ಬದಿಯಲ್ಲಿ ನೆಲದ ಮೇಲೆ ಕೂರುತ್ತಾರೆ. ವಂದನೆಗೆ ‘ಜಯಮಸೀಹ’ (ಕ್ರಿಸ್ತನಿಗೆ ಜಯ) ಎನ್ನಿ. ಅನುವಾದಕರಿದ್ದರೆ 30 ನಿಮಿಷದ ಅವಧಿಯಲ್ಲಿ ನಿಮ್ಮ ಮಾತಿಗೆ ಉಳಿಯುವುದು 15 ನಿಮಿಷ. ಬೈಬಲ್ ವಾಕ್ಯಭಾಗಗಳ ಪಟ್ಟಿಯನ್ನು ಹಿಂದಿನ ದಿನವೇ ಅನುವಾದಕರ ಕೈಗೆ ಕೊಡಿ.

ಜುಲೈ ಬೇಡ ಅನ್ನುವುದಕ್ಕೆ ದೊಡ್ಡ ಕಾರಣ ಹೊಟ್ಟೆ. ಸೈಕ್ಲೋಸ್ಪೋರಾ ಎಂಬ ಪರಾವಲಂಬಿ ಕಠ್ಮಂಡುವಿನಲ್ಲಿ ಮಳೆಗಾಲದಲ್ಲೇ ಹೆಚ್ಚು. ಕ್ಲೋರಿನ್, ಅಯೋಡಿನ್ ಮಾತ್ರೆಗೆ ಅದು ಸಾಯುವುದಿಲ್ಲ. ನೀರು ಕುದಿಸಲೇಬೇಕು, ಹಸಿ ಸೊಪ್ಪು ಬಿಡಬೇಕು. ಟೈಫಾಯಿಡ್ ಲಸಿಕೆಯ ಚುಚ್ಚುಮದ್ದನ್ನು ಎರಡು ವಾರ ಮೊದಲು ಹಾಕಿಸಿ. ಅದು ಪ್ಯಾರಾಟೈಫಾಯಿಡ್ ತಡೆಯುವುದಿಲ್ಲ, ಆ ಊರಿನಲ್ಲಿ ಅದೂ ಇದೆ. ಸೈಕ್ಲೋಸ್ಪೋರಾ ಲಕ್ಷಣ ಸುಮಾರು ಒಂದು ವಾರದ ನಂತರ, ಅಂದರೆ ನೀವು ಮನೆಗೆ ಮರಳಿದ ಮೇಲೂ ಶುರುವಾಗಬಹುದು: ಭೇದಿ, ವಿಪರೀತ ಸುಸ್ತು, ಊಟ ಸೇರದಿರುವುದು. ಸಾಮಾನ್ಯ ಮಲಪರೀಕ್ಷೆಯಲ್ಲಿ ಸಿಗದೆ ಹೋಗಬಹುದು, ಹೆಸರು ಹೇಳಿಯೇ ಪರೀಕ್ಷೆ ಕೇಳಿ.