ಕುದುರೆಮುಖದ ಮಂಜಲ್ಲಿ ಫೋಟೋ: ಟ್ರೈಪಾಡ್ ಬೇಕಾ?

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಚಾರಣ ಶುರುವಾಗೋ ಮುಳ್ಳೋಡಿ ಊರಿಂದ ಕುದುರೆಮುಖ ಹತ್ತಿ ಸಂಜೆಯೊಳಗೆ ಇಳೀಬೇಕು. ಇರೋದು 18-55 ಮಿ.ಮೀ. ಝೂಮ್ ಲೆನ್ಸ್ ಒಂದೇ. ಟ್ರೈಪಾಡ್ ಹೊರಲಾ?

ಕಳಸದವ: ಮನೇಲೇ ಇರ್ಲಿ ಮಾರಾಯ್ರೆ. ಮಂಜು ಕಂಡ್ರೆ ಕ್ಯಾಮೆರಾ ಬೆಳಕು ಜಾಸ್ತಿ ಅಂದ್ಕೊಂಡು ಚಿತ್ರನ ಮಂಕಾಗಿ ಬೂದುಬಣ್ಣ ಮಾಡತ್ತೆ. ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳೋ ಬೆಳಕು) +1ಕ್ಕೆ ಏರಿಸಿ. ದಾರೀಲಿ ಸಿಗೋ ‘ಒಂಟಿಮರ’ ಅನ್ನೋ ಜಾಗ ದಾಟಿದ್ಮೇಲೆ ಸುತ್ತ ನೋಡಿ: ಕಣಿವೆಯ ಮಡಿಕೆಗಳಲ್ಲಿ ಮಾತ್ರ ಕಡುಹಸಿರು ಶೋಲಾ ಕಾಡು, ಮೇಲೆಲ್ಲ ಬರೀ ಹುಲ್ಲು. ಲೆನ್ಸನ್ನ 55ಕ್ಕೆ ಝೂಮ್ ಮಾಡಿ ಅದನ್ನೇ ಹಿಡೀರಿ. 1,894 ಮೀಟರ್ ಎತ್ತರದ ತುದೀಲಿ ಬಿಳಿ ಬಿಟ್ಟು ಏನೂ ಕಾಣ್ದಿದ್ರೆ ನನ್ನ ಬೈಬೇಡಿ.

ಹಳೇ ಕ್ಯಾಮೆರಾ: ಪೋಲರೈಸರ್ (ಲೆನ್ಸ್ ಮುಂದೆ ಹಾಕೋ, ಹೊಳಪು ತಗ್ಗಿಸೋ ಫಿಲ್ಟರ್) ಇದ್ರೆ ಹಾಕಿ, ಒದ್ದೆ ಎಲೆಯ ಹೊಳಪು ಇಳಿದು ಹಸಿರು ಎದ್ದು ಬರತ್ತೆ. ಅರಣ್ಯ ಇಲಾಖೆ ಅನುಮತಿ ಮೊದ್ಲೇ ಮಾಡ್ಸಿ.

ಪ್ರಶ್ನೆ ಕೇಳಿದವರು: ಉಂಬಳದ (ಜಿಗಣೆ) ಕಾಟಕ್ಕೆ ಏನು ಮಾಡ್ಲಿ?

ಕಳಸದವ: ಸುಣ್ಣ, ಹೊಗೆಸೊಪ್ಪು. ಹುಲ್ಲಲ್ಲಿ ಮಂಡಿಯೂರಿ ಫ್ರೇಮ್ ಹುಡುಕ್ತಾ ಕೂರ್ಬೇಡಿ, ಅಷ್ಟೆ.