ಎಕೋಲಿಂಕ್: ಫೋನ್‌ನಲ್ಲಿ ಸರಿ, ಲ್ಯಾಪ್‌ಟಾಪ್‌ನಲ್ಲಿ ಟೈಮ್‌ಔಟ್

ನಾಪೋಕ್ಲು_ಆಂಟೆನಾ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿರುವುದು 4ಜಿ ಸಿಮ್ ಹಾಕಿದ ರೂಟರ್. ಅದೇ ವೈಫೈನಲ್ಲಿ ಆಂಡ್ರಾಯ್ಡ್ ಫೋನಿನ ಎಕೋಲಿಂಕ್ (ಹ್ಯಾಮ್ ರೇಡಿಯೋದವರು ಇಂಟರ್ನೆಟ್ ಮೂಲಕ ಮಾತಾಡುವ ತಂತ್ರಾಂಶ) ಸರಾಗ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆಗುತ್ತೆ, ಸ್ಟೇಷನ್ ಪಟ್ಟಿಯೂ ಬರುತ್ತೆ, ಆದರೆ 9999 ಎಕೋಟೆಸ್ಟ್‌ಗೆ (ನಮ್ಮ ದನಿಯನ್ನೇ ವಾಪಸ್ ಕೇಳಿಸುವ ಪರೀಕ್ಷಾ ಸ್ಟೇಷನ್) ಕನೆಕ್ಟ್ ಕೊಟ್ಟರೆ ಟೈಮ್‌ಔಟ್. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದ ಡೇಟಾವನ್ನು ಲ್ಯಾಪ್‌ಟಾಪ್‌ಗೆ ದಾಟಿಸುವ ಸೆಟ್ಟಿಂಗ್) ಮಾಡಿದರೂ ಅಷ್ಟೇ. ಲ್ಯಾಪ್‌ಟಾಪ್ ಲಾಗಿನ್ ಆದ ಕೂಡಲೇ ಫೋನ್ ಆಫ್‌ಲೈನ್ ಬೇರೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನಲ್ಲೂ ಹಾಕಬೇಕೆಂದಿದೆ. ಏನು ಮಾಡಲಿ?

ಲಿಂಕ್_ನೋಡ್:
ಲ್ಯಾಪ್‌ಟಾಪ್‌ದೇನೂ ತಪ್ಪಿಲ್ಲ ಸರ್. ಲಾಗಿನ್, ಪಟ್ಟಿ ಎರಡೂ ಟಿಸಿಪಿ 5200ರಲ್ಲಿ ಹೊರಗೆ ಹೋಗುತ್ತವೆ, ಅದಕ್ಕೆ ತಡೆ ಇರುವುದಿಲ್ಲ. ಮಾತು ಬರುವುದು ಯುಡಿಪಿ 5198, 5199ರಲ್ಲಿ. ಆಚೆಯ ಸ್ಟೇಷನ್ ನಿಮ್ಮ ಐಪಿಯ ಇದೇ ಎರಡು ಪೋರ್ಟ್‌ಗಳಿಗೆ ಉತ್ತರ ಕಳಿಸುತ್ತದೆ. 4ಜಿಯಲ್ಲಿ ಒಂದೇ ಐಪಿಯನ್ನು ಕಂಪನಿ ನೂರಾರು ಜನರಿಗೆ ಹಂಚಿರುವುದರಿಂದ ಆ ಉತ್ತರ ನಿಮ್ಮ ರೂಟರ್ ತನಕ ಬರುವುದೇ ಇಲ್ಲ. ಫಾರ್ವರ್ಡ್ ಮಾಡಿ ಏನು ಪ್ರಯೋಜನ?

ಖಾತ್ರಿಗೆ ರೂಟರ್ ಪುಟದಲ್ಲಿ ವ್ಯಾನ್ (WAN) ಐಪಿ, ಅಂದರೆ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ, ಅಥವಾ ಬ್ರೌಸರ್ ತೋರಿಸುವ ನಿಮ್ಮ ಐಪಿಗಿಂತ ಬೇರೆ ಇದ್ದರೆ ಇದೇ ಕಥೆ.

ಪರಿಹಾರ: ಟೂಲ್ಸ್ → ಸೆಟಪ್ → ಪ್ರಾಕ್ಸಿ ಟ್ಯಾಬ್‌ನಲ್ಲಿ ಪಬ್ಲಿಕ್ ಪ್ರಾಕ್ಸಿಯನ್ನು (ನಿಮ್ಮ ಪರವಾಗಿ ಉತ್ತರ ಪಡೆದು ದಾಟಿಸುವ ನಡುವಿನ ಸರ್ವರ್) ತಾನಾಗಿ ಆರಿಸುವ ಆಯ್ಕೆ ಹಾಕಿ. ಒಂದು ಪ್ರಾಕ್ಸಿಗೆ ಒಂದು ಸಲಕ್ಕೆ ಒಬ್ಬರೇ, ಹಾಗಾಗಿ ಕೆಲವೊಮ್ಮೆ ಖಾಲಿ ಸಿಗಲು ತಡವಾಗುತ್ತದೆ. ಫೋನ್ ಆ್ಯಪ್ ಬಹುಶಃ ರಿಲೇ ಮೋಡ್‌ನಲ್ಲಿದೆ (ಅದೂ ನಡುವಿನ ಸರ್ವರ್ ಮೂಲಕವೇ), ಅದಕ್ಕೇ ಅಲ್ಲಿ ತೊಂದರೆ ಕಾಣಲಿಲ್ಲ. ಫೋನಿನಲ್ಲಿ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಎಕೋಲಿಂಕನ್ನು ಹೊರಗಿಡಿ, ಇಲ್ಲವಾದರೆ ಸ್ಕ್ರೀನ್ ಆರಿದ ಮೇಲೆ ಕೊಂಡಿ ಕಡಿಯಬಹುದು.

ಒಂದು ಕಾಲ್‌ಸೈನ್ (ಲೈಸೆನ್ಸ್‌ನಲ್ಲಿ ಸಿಗುವ ರೇಡಿಯೋ ಗುರುತು) ಒಂದು ಹೊತ್ತಿಗೆ ಒಂದೇ ಕಡೆ ಲಾಗಿನ್. ಫೋನ್ ಆಫ್‌ಲೈನ್ ಆಗುವುದು ಅದಕ್ಕೆ, ದೋಷವಲ್ಲ.

ಸೋಮವಾರಪೇಟೆ_73:
ಪೈ ವಿಷಯ. ಬರೀ ಹೆಡ್‌ಸೆಟ್‌ನಲ್ಲಿ ಮಾತಾಡುವುದಾದರೆ ಕ್ಯೂಟೆಲ್ ಎಂಬ ತಂತ್ರಾಂಶ ಸಾಕು, ಪ್ಯಾಕೇಜ್ ಪಟ್ಟಿಯಲ್ಲೇ ಸಿಗುತ್ತದೆ. ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೋ) ಜೋಡಿಸಿ ಲಿಂಕ್ ಮಾಡುವುದಾದರೆ ಸ್ವಿಎಕ್ಸ್‌ಲಿಂಕ್ ತಂತ್ರಾಂಶ. ಅದಕ್ಕೆ ಕಾಲ್‌ಸೈನ್ ಕೊನೆಗೆ -ಎಲ್ ಸೇರಿಸಿ ನೋಂದಾಯಿಸಬೇಕು; ನೋಡ್ ಸಂಖ್ಯೆಯೂ ಬೇರೆ, ಹಾಗಾಗಿ ಫೋನ್ ಜೊತೆ ಜಗಳವಿಲ್ಲ. ಅದರ ಎಕೋಲಿಂಕ್ ಕಾನ್ಫಿಗ್ ಫೈಲ್‌ನಲ್ಲೇ ಪ್ರಾಕ್ಸಿಯ ವಿಳಾಸ, ಪೋರ್ಟ್ 8100, ಪಾಸ್‌ವರ್ಡ್ ಬರೆಯಲು ಜಾಗವಿದೆ. ರೇಡಿಯೋ ಜೋಡಿಸುವ ಮುಂಚೆ ನಿಮ್ಮ ಲೈಸೆನ್ಸ್ ಷರತ್ತು ಓದಿಕೊಳ್ಳಿ.

ಪೈಗೆ ಮೈಕ್ ಇನ್‌ಪುಟ್ ಇಲ್ಲ, ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಹ್ಯಾಂಡಿಯ ಸ್ಪೀಕರ್ ಔಟನ್ನು ನೇರ ಮೈಕ್ ಇನ್‌ಗೆ ಕೊಟ್ಟರೆ ದನಿ ಒಡೆಯುತ್ತದೆ. ನಡುವೆ 10ಕೆ, ಗ್ರೌಂಡಿಗೆ 1ಕೆ ರೆಸಿಸ್ಟರ್ ಹಾಕಿ. ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದಾಗ ಸೌಂಡ್ ಕಾರ್ಡ್ ಮಾಯವಾದರೆ ಆರ್‌ಎಫ್ (ರೇಡಿಯೋ ಅಲೆ) ಒಳನುಗ್ಗಿದೆ ಎಂದರ್ಥ: ಕೇಬಲ್‌ಗೆ ಅದನ್ನು ತಡೆಯುವ ಫೆರೈಟ್ ಉಂಗುರ, ಹ್ಯಾಂಡಿ ಲೋ ಪವರ್‌ಗೆ, ಆಂಟೆನಾ ದೂರಕ್ಕೆ.

ನಾಪೋಕ್ಲು_ಆಂಟೆನಾ:
ವ್ಯಾನ್ ಐಪಿ 100.72 ಅಂತಲೇ ಇದೆ. ಪಬ್ಲಿಕ್ ಪ್ರಾಕ್ಸಿ ಹಾಕಿದೆ, ಎಕೋಟೆಸ್ಟ್ ನನ್ನ ದನಿಯನ್ನೇ ವಾಪಸ್ ಕೊಟ್ಟಿತು. ಡೇಟಾ ಎಷ್ಟು ತಿನ್ನುತ್ತೆ?

ಲಿಂಕ್_ನೋಡ್:
ದನಿ ಕುಗ್ಗಿಸಲು ಜಿಎಸ್‌ಎಂ ಕೋಡೆಕ್, ಸೆಕೆಂಡಿಗೆ 13 ಕಿಲೋಬಿಟ್. ಪ್ಯಾಕೆಟ್ ತಲೆಭಾರ ಸೇರಿ ಒಂದು ಗಂಟೆ ಎಡೆಬಿಡದ ಮಾತಿಗೆ ಸುಮಾರು 8 ಎಂಬಿ. ಪಿಟಿಟಿ ಒತ್ತಿ ಒಂದೆರಡು ಸೆಕೆಂಡ್ ಬಿಟ್ಟು ಮಾತಾಡಿ, ಇಲ್ಲವಾದರೆ ಆಚೆ ರಿಪೀಟರ್ (ದನಿಯನ್ನು ಮರುಪ್ರಸಾರ ಮಾಡುವ ರೇಡಿಯೋ) ಇದ್ದರೆ ಮೊದಲ ಪದ ನುಂಗಿಹೋಗುತ್ತದೆ.

ಸೋಮವಾರಪೇಟೆ_73:
ರೂಟರ್, ಪೈ ಎರಡಕ್ಕೂ ಬ್ಯಾಟರಿ ಬ್ಯಾಕಪ್ ಇಡಿ. ಆದರೂ ಆಟಿ ತಿಂಗಳ ಮಳೆಗೆ ಟವರೇ ಮಲಗಿದರೆ ಎಕೋಲಿಂಕ್ ಕೂಡ ಮಲಗಿತು. ತುರ್ತಿಗೆ ಇದನ್ನು ನಂಬಬೇಡಿ, 40 ಮೀಟರ್ ಬ್ಯಾಂಡಿನ ಡೈಪೋಲ್ (ಎರಡು ತಂತಿಯ ಆಂಟೆನಾ) ಒಂದನ್ನು ಕಟ್ಟಿಡಿ, ಒಂದೊಂದು ಕಡೆಗೆ ಸುಮಾರು 10 ಮೀಟರ್ ತಂತಿ ಸಾಕು. 73 (ಶುಭಾಶಯ).