ಎಪಿಸ್ಕೋಪಲ್ ಚರ್ಚಿನ ಸುದ್ದಿಪತ್ರ, ಸುಗ್ಗಿ ಹಬ್ಬದ ಏಲಂ, ಪ್ಯಾನ್‌ಕೇಕ್ ಊಟ: ನೀವು ಹೇಗೆ ನಡೆಸಿದಿರಿ?

ಧಾರವಾಡ ಟು ಜೆರ್ಸಿ (ಕೇಳಿದವರು):
ಎಲ್ಲರಿಗೂ ವಂದನೆಗಳು. ನಾವು ಧಾರವಾಡದ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದವರು. ಆರು ವರ್ಷದಿಂದ ನ್ಯೂಜೆರ್ಸಿಯಲ್ಲಿ ಒಂದು ಚಿಕ್ಕ ಎಪಿಸ್ಕೋಪಲ್ (ಅಮೆರಿಕದ ಆಂಗ್ಲಿಕನ್) ಚರ್ಚಿಗೆ ಹೋಗುತ್ತಿದ್ದೇವೆ. ಭಾನುವಾರ 45 ಜನ ಬಂದರೆ ಅದೇ ಜಾಸ್ತಿ. 22 ವರ್ಷ ಸುದ್ದಿಪತ್ರ ನೋಡಿಕೊಂಡ ಅಜ್ಜಿ ಮಗಳ ಊರಿಗೆ ಹೋದರು. ಕಾಫಿ ಅವರ್‌ನಲ್ಲಿ ರೆಕ್ಟರ್ (ಚರ್ಚಿನ ಪಾದ್ರಿ) ಆ ಫೈಲನ್ನು ನನ್ನ ಕೈಗಿಟ್ಟು "ಥ್ಯಾಂಕ್ಯೂ" ಅಂದುಬಿಟ್ಟರು. ನಾನು ಹೂಂ ಅಂದೇ ಇರಲಿಲ್ಲ. ಈಗ ಕಾರ್ಯಕ್ರಮಗಳ ಜವಾಬ್ದಾರಿಯೂ ನನ್ನದೇ. 2025ರ ಅಕ್ಟೋಬರ್ 5ಕ್ಕೆ ಸಾಕುಪ್ರಾಣಿಗಳ ಆಶೀರ್ವಾದ (ಸಂತ ಫ್ರಾನ್ಸಿಸ್ ದಿನ 4, ಅದು ಈ ಸಲ ಶನಿವಾರ), ನವೆಂಬರ್ 30ಕ್ಕೆ ಆಡ್ವೆಂಟ್ (ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳು) ಶುರು, ಜನವರಿಯಲ್ಲಿ ವಾರ್ಷಿಕ ಸಭೆ, 2026ರ ಫೆಬ್ರವರಿ 17ಕ್ಕೆ ಶ್ರೋವ್ ಟ್ಯೂಸ್‌ಡೇ (ಉಪವಾಸ ಕಾಲ ಶುರುವಾಗುವ ಹಿಂದಿನ ದಿನ) ಪ್ಯಾನ್‌ಕೇಕ್ ಊಟ. ಸುದ್ದಿಪತ್ರದ ಪ್ರಿಂಟ್ ನಿಲ್ಲಿಸಿ ಬರೀ ಇಮೇಲ್ ಮಾಡಿದರೆ ನಡೆಯುತ್ತದಾ? ನಮ್ಮೂರ ಥರ ಸುಗ್ಗಿ ಹಬ್ಬದ ಏಲಂ (ಜನ ತಂದುಕೊಟ್ಟ ಸಾಮಾನು ಹರಾಜು ಹಾಕಿ ಚರ್ಚಿಗೆ ದುಡ್ಡು ಕೂಡಿಸುವುದು) ಇಟ್ಟರೆ ಇಲ್ಲಿನವರು ಒಪ್ಪುತ್ತಾರಾ? ಎಲ್ಲಕ್ಕೂ ಸೇರಿ ವರ್ಷಕ್ಕೆ 600 ಡಾಲರ್ ಇದೆ. ಸೆಪ್ಟೆಂಬರ್ ಮೊದಲ ವಾರ ವೆಸ್ಟ್ರಿ (ಚರ್ಚಿನ ಆಡಳಿತ ಸಮಿತಿ) ಕೂರುತ್ತದೆ, ಅಷ್ಟರೊಳಗೆ ಹೇಳಬೇಕು.

ಬೆಟಗೇರಿ ಅಕ್ಕ:
ತಂಗಿ, ಪ್ರಿಂಟ್ ನಿಲ್ಲಿಸಬೇಡ. ನಿಲ್ಲಿಸಿ ಕೈ ಸುಟ್ಟುಕೊಂಡವಳು ಹೇಳುತ್ತಿದ್ದೇನೆ. 2021ರಲ್ಲಿ ನಾನೇ ವೆಸ್ಟ್ರಿಯಲ್ಲಿ ಎದ್ದು ನಿಂತು, ವರ್ಷಕ್ಕೆ 690 ಡಾಲರ್ ಉಳಿಯುತ್ತದೆ ಅಂತ ದೊಡ್ಡದಾಗಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಬೇಸಿಗೆಗೆ ಆರಾಧನೆಯನ್ನು 10 ಗಂಟೆಯಿಂದ 9:30ಕ್ಕೆ ತಂದೆವು, ಇಮೇಲ್‌ನಲ್ಲಿ ಮಾತ್ರ ಹೇಳಿದೆವು. ಹಿಂದಿನ ಬೆಂಚಿನಲ್ಲಿ ಕೂರುವ ಒಬ್ಬರು ತಾತ ಇದ್ದರು, ಹೆಂಡತಿ ತೀರಿಕೊಂಡಿದ್ದರು, ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಕೋಟು ಹಾಕಿಕೊಂಡು 9:55ಕ್ಕೆ ಬಂದರು. ಪ್ರಸಂಗ (ಪಾದ್ರಿಯ ಉಪದೇಶ) ಮುಗಿಯುತ್ತಿತ್ತು. ಬಾಗಿಲ ಹತ್ತಿರ ಐದು ನಿಮಿಷ ನಿಂತರು, ತಿರುಗಿ ಹೋದರು. ನಾನು ಬೆಂಚಿನಿಂದ ನೋಡುತ್ತಲೇ ಇದ್ದೆ, ಎದ್ದು ಹೋಗಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ಅವರು ಮತ್ತೆ ಬರಲಿಲ್ಲ. ವಾರಕ್ಕೆ 40 ಡಾಲರ್‌ನ ಪ್ಲೆಡ್ಜ್ ಕವರ್ (ಕೊಡುತ್ತೇನೆ ಅಂತ ಮಾತು ಕೊಟ್ಟ ಕಾಣಿಕೆ) ಕೂಡ ನಿಂತಿತು. ವರ್ಷಕ್ಕೆ 2080 ಡಾಲರ್. ಉಳಿಸಿದ್ದು 690! ಖಜಾಂಚಿ ನನ್ನ ಮುಖ ನೋಡಿ ನಕ್ಕರು, ಅಷ್ಟೇ.

ಈಗ ಮತ್ತೆ ಪ್ರಿಂಟ್ ಶುರು ಮಾಡಿದ್ದೇನೆ, ಬೇಕು ಅಂದವರಿಗೆ ಮಾತ್ರ. 78 ಮನೆಯಲ್ಲಿ 29 ಮನೆ. ಚರ್ಚುಗಳಿಗೆ ಅಂಚೆಯಲ್ಲಿ ಸಿಗುವ ಕಡಿಮೆ ದರದ ಆಸೆ ಬಿಡು, ಅದಕ್ಕೆ ಒಂದು ಸಲಕ್ಕೆ ಕನಿಷ್ಠ 200 ಕಾಗದ ಹಾಕಬೇಕು. 2025ರ ಜುಲೈನಲ್ಲಿ ಸ್ಟ್ಯಾಂಪ್ 78 ಸೆಂಟ್ ಆಯಿತು. 29 ಮನೆಗೆ 22 ಡಾಲರ್ 62 ಸೆಂಟ್. ಜುಲೈ ಆಗಸ್ಟ್ ಒಂದೇ ಸಂಚಿಕೆ, ಹಾಗಾಗಿ ವರ್ಷಕ್ಕೆ 11 ಸಲ, 248 ಡಾಲರ್ 82 ಸೆಂಟ್. ಟೋನರ್ 118, ಅದೂ ಆಫೀಸಿನವರು ಕ್ವಯರ್‌ನ (ಚರ್ಚಿನ ಗಾಯನ ತಂಡದ) ಹಾಳೆಗಳನ್ನೆಲ್ಲ ಅದರಲ್ಲೇ ತೆಗೆಯುತ್ತಾರೆ, ಕೇಳಿದರೆ ಮುಖ ಊದಿಸಿಕೊಳ್ಳುತ್ತಾರೆ. ಅಕ್ಷರ 14 ಪಾಯಿಂಟ್‌ಗಿಂತ ಸಣ್ಣದು ಬೇಡ. ಇನ್ನೊಂದು, ಹುಟ್ಟುಹಬ್ಬದ ಪಟ್ಟಿಯನ್ನು ಹಳೇ ಫೈಲಿನಿಂದ ಹಾಗೇ ಎತ್ತಿ ಹಾಕಬೇಡ. ಜೂನ್‌ನಲ್ಲಿ ಮಣ್ಣು ಮಾಡಿದವರಿಗೆ ನಾನು ಸೆಪ್ಟೆಂಬರ್‌ನಲ್ಲಿ ಶುಭಾಶಯ ಹಾಕಿದ್ದೆ. ಅವರ ಹೆಂಡತಿ ಫೋನ್ ಮಾಡಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸುದ್ದಿ ಅಚ್ಚು ಹಾಕಿಸಿ ಮನೆಮನೆಗೆ ಮುಟ್ಟಿಸುವುದು ನಮ್ಮ ಬಾಸೆಲ್ ಮಿಷನ್‌ನವರಿಗೆ ಹೊಸದಾ? 1843ರಲ್ಲಿ ನಮ್ಮ ಮಿಷನರಿ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಪತ್ರಿಕೆ ತೆಗೆದವರು.

ಬಲ್ಮಠದ ಹುಡುಗ:
ಅಕ್ಕ, ಅದು "ಮಂಗಳೂರ ಸಮಾಚಾರ", ಹೆಸರಲ್ಲೇ ಊರು ಉಂಟು. ನಮ್ಮದು. ಇರಲಿ.

ಏಲಂ ಮಾಡಿ, ಎರಡು ಮಾತಿಲ್ಲ. ಕನೆಕ್ಟಿಕಟ್‌ನಲ್ಲಿ ಎಂಟು ವರ್ಷದಿಂದ ನಡೆಸುತ್ತಿರುವುದು ನಾನೇ. ಮೊದಲ ವರ್ಷ ಮಾತ್ರ ಮಾನ ಹೋಯಿತು. ನೋಟೀಸಿನಲ್ಲಿ "ಹಾರ್ವೆಸ್ಟ್ ಆಕ್ಷನ್" ಅಂತ ಹಾಕಿದೆ, ಇಲ್ಲಿನವರು ಅದನ್ನು ಸೈಲೆಂಟ್ ಆಕ್ಷನ್ (ಕೂಗದೆ ಹಾಳೆಯಲ್ಲಿ ಬೆಲೆ ಬರೆಯುವ ಏಲಂ) ಅಂತ ತಿಳಿದು ಪ್ರತಿ ಸಾಮಾನಿನ ಮುಂದೆ ಒಂದು ಹಾಳೆ, ಒಂದು ಪೆನ್ಸಿಲ್ ಇಟ್ಟರು. ತೆಂಗಿನಕಾಯಿ ನಾಲ್ಕು ಡಾಲರ್‌ಗೆ ಬಂದು ನಿಂತಿತು ಮಾರಾಯ್ರೆ! ಊರಲ್ಲಿ ಅದೇ ಕಾಯಿಯನ್ನು ಮೂರು ಸಲ ವಾಪಸ್ ಕೊಟ್ಟು ಮೂರು ಸಲ ಏಲಂ ಹಾಕಿ ಚರ್ಚಿನ ಪೇಂಟಿಂಗ್ ಮುಗಿಸುತ್ತಾರೆ. ಮೌನದಲ್ಲಿ ಏಲಂ ಆಗುವುದುಂಟಾ? ಒಟ್ಟು 311 ಡಾಲರ್, ಖರ್ಚು 240.

ಎರಡನೇ ವರ್ಷ ಮೈಕ್ ನಾನೇ ಹಿಡಿದೆ. "ಒಂದು ಸಾರಿ, ಎರಡು ಸಾರಿ" ಅಂತ ಕನ್ನಡದಲ್ಲೇ ಕೂಗಿದೆ, ಮಕ್ಕಳೆಲ್ಲ ಮೂರನೇ ಸಾರಿಗೆ ಜೊತೆಗೂಡಿದರು. ಒಂದು ಬಾಳೆಹಣ್ಣಿನ ಬ್ರೆಡ್ 165 ಡಾಲರ್‌ಗೆ ಹೋಯಿತು. ಪಾರ್ಕಿಂಗ್ ವಿಷಯಕ್ಕೆ ಮಾತು ಬಿಟ್ಟಿದ್ದ ಎರಡು ಮನೆಯವರು ಪೈಪೋಟಿಗೆ ಬಿದ್ದರು, ನಾನು ನಡುವೆ ಗಾಳಿ ಹಾಕಿದೆ. ಸುಳ್ಳು ಯಾಕೆ ಹೇಳಲಿ. ಕರಿಬೇವಿನ ಗಿಡ 90 ಡಾಲರ್. ಒಟ್ಟು 2340. ಖರ್ಚು 412, ಅದರಲ್ಲಿ ಟೆಂಟ್ ಬಾಡಿಗೆಯೇ 180, ಮಳೆ ಬರಲೇ ಇಲ್ಲ. ಆ 90 ಡಾಲರ್ ಕೂಗಿದವರು ದುಡ್ಡು ಇನ್ನೂ ಕೊಟ್ಟಿಲ್ಲ. ಗಿಡ ಅವರ ಅಡುಗೆಮನೆ ಕಿಟಕಿಯಲ್ಲಿ ಉಂಟು, ದಾರಿಯಲ್ಲಿ ಹೋಗುವಾಗ ಕಾಣುತ್ತದೆ. ಏಲಂನಲ್ಲಿ ಸಾಲದ ಚೀಟಿ ಬೇಡ, ಆಗಲೇ ನಗದು ಅಥವಾ ಚೆಕ್ ತಗೊಳ್ಳಿ.

ಟೆಕ್ಸಾಸ್ ಕ್ವಯರ್:
ಆ ಕರಿಬೇವಿನ ಗಿಡ ಎಲ್ಲಿಂದ ಬಂತು ಸಾರ್? ಫ್ಲೋರಿಡಾದಿಂದ ತರಿಸಿದ್ದರೆ ಅದು ತಪ್ಪು. ಕಿತ್ತಳೆ, ನಿಂಬೆಗೆ ರೋಗ ಹರಡುವ ಹುಳು ಕರಿಬೇವಿನ ಮೇಲೂ ಕೂರುತ್ತದೆ, ಹಾಗಾಗಿ ಫ್ಲೋರಿಡಾ, ಟೆಕ್ಸಾಸ್ ಕಡೆಯಿಂದ ಗಿಡ ಹೊರಗೆ ಕಳಿಸಲು ನಿರ್ಬಂಧ ಇದೆ. ನಾವು ಇಲ್ಲಿಂದ ತಂಗಿಗೆ ಒಂದು ಕುಂಡ ಕಳಿಸಲು ಹೋಗಿ ಗೊತ್ತಾಯಿತು.

ಇನ್ನು ನನ್ನ ಅನುಭವ ಕೇಳಿದರೆ, ಈ ಸುದ್ದಿಪತ್ರ, ಏಲಂ ಯಾವುದೂ ಬೇಡ. ನಾನು ಒಂಬತ್ತು ವರ್ಷ ಕ್ವಯರ್‌ನಲ್ಲಿ ಹಾಡಿದೆ. ಕ್ಯಾಮೆರಾ, ಮೈಕ್, ಮಿಕ್ಸರ್ ಸೇರಿ 1870 ಡಾಲರ್ ಖರ್ಚಾಯಿತು, 400 ನನ್ನ ಕೈಯಿಂದ. ಕ್ರಿಸ್ಮಸ್‌ಗೆ ಲೆಸನ್ಸ್ ಅಂಡ್ ಕ್ಯಾರಲ್ಸ್ (ಬೈಬಲ್ ಓದು, ಹಾಡುಗಳ ಆರಾಧನೆ) ಲೈವ್ ಹಾಕಿದೆವು, ಮಂಗಳವಾರದ ಹೊತ್ತಿಗೆ ಅರ್ಧ ವೀಡಿಯೊ ಮೂಕ. ಹಾಡಿನ ಪರವಾನಗಿ ತೆಗೆದಿರಲಿಲ್ಲ. ಊರಲ್ಲಿ ಅಮ್ಮ ಫೋನ್ ಇಟ್ಟುಕೊಂಡು ಕೂತಿದ್ದರು, ನಮ್ಮ ಬಾಯಿ ಮಾತ್ರ ಆಡುತ್ತಿತ್ತು. ವೆಸ್ಟ್ರಿಯಲ್ಲಿ ತಪ್ಪು ನನ್ನ ಮೇಲೆ ಬಂತು. ಬಿಟ್ಟು ಬಂದು ಈಗ 14 ಜನ ಸೇರಿ ತಿಂಗಳಿಗೆ ಎರಡು ಸಲ ಕನ್ನಡ ಆರಾಧನೆ ಮಾಡುತ್ತಿದ್ದೇವೆ. ನೆಮ್ಮದಿ.

ಬಲ್ಮಠದ ಹುಡುಗ:
ಗಿಡ ನಾನು ಕುಂಡದಲ್ಲಿ ಬೀಜ ಹಾಕಿ ಬೆಳೆಸಿದ್ದು. ಪೊಲೀಸ್ ಕೆಲಸ ಬೇಡ. 14 ಜನರಲ್ಲಿ ಯಾರ ರಾಗ ಹಾಡಬೇಕು ಅಂತ ಜಗಳ ಆಗಿ 9 ಜನ ಆಗಿದ್ದಾರೆ ಅಂತ ಕೇಳಿದ್ದೆ?

ಟೆಕ್ಸಾಸ್ ಕ್ವಯರ್:
11. ಇಬ್ಬರು ಊರಿಗೆ ಹೋದರು, ಒಬ್ಬರು ಮಾತ್ರ ಜಗಳಕ್ಕೆ. ನಿಮಗೆ ಯಾರು ಹೇಳಿದ್ದು?

ಹಳೇ ವಾರ್ಡನ್:
ಓಹಾಯೊದಿಂದ ಬರೆಯುತ್ತಿದ್ದೇನೆ, ಊರು ಬೆಂಗಳೂರು, ಹಡ್ಸನ್ ಚರ್ಚಿನ ಹತ್ತಿರ ಬೆಳೆದವನು. ಎರಡು ವರ್ಷ ಜೂನಿಯರ್ ವಾರ್ಡನ್ (ಚರ್ಚಿನ ಕಟ್ಟಡ ನೋಡಿಕೊಳ್ಳುವವನು) ಆಗಿದ್ದೆ. ಗೊತ್ತಿಲ್ಲದವರು ಅದು ಗೌರವದ ಹುದ್ದೆ ಅಂದುಕೊಳ್ಳುತ್ತಾರೆ, ಬಾಯ್ಲರ್ ಕೆಟ್ಟರೆ ರಾತ್ರಿ ಫೋನ್ ಬರುವುದು ಅವನಿಗೆ. ಯಾರೂ ಪ್ಯಾನ್‌ಕೇಕ್ ಬಗ್ಗೆ ಹೇಳುತ್ತಿಲ್ಲ, ನಾನು ಹೇಳುತ್ತೇನೆ. ಕೆಳಗಿನ ಹಾಲ್‌ನಲ್ಲಿ ನಾಲ್ಕು ಎಲೆಕ್ಟ್ರಿಕ್ ಹೆಂಚು ಇಟ್ಟೆವು. ಒಂದೊಂದು 1500 ವ್ಯಾಟ್, ಅಂದರೆ 120 ವೋಲ್ಟ್‌ನಲ್ಲಿ 12.5 ಆಂಪ್. ಒಂದು 20 ಆಂಪ್ ಲೈನಿಗೆ ಎರಡು ಹೆಂಚು ತಡೆಯುವುದಿಲ್ಲ. ಇದು ನನಗೆ ಗೊತ್ತಿತ್ತು! ಪ್ಲಗ್ ಬೇರೆಬೇರೆ ಗೋಡೆಯಲ್ಲಿದೆ, ಲೈನ್ ಬೇರೆ ಇರುತ್ತದೆ ಅಂದುಕೊಂಡೆ. 1950ರ ದಶಕದ ವೈರಿಂಗ್, ಮೂರು ಗೋಡೆಗೂ ಒಂದೇ ಲೈನ್. 47 ಜನ ತಟ್ಟೆ ಹಿಡಿದು ನಿಂತಾಗ ಕತ್ತಲೆ. ಬ್ರೇಕರ್ ಪೆಟ್ಟಿಗೆಗೆ ಬೀಗ, ಬೀಗದ ಕೈ ಚರ್ಚ್ ನೋಡಿಕೊಳ್ಳುವವನ ಹತ್ತಿರ, ಅವನು ಮಗಳ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ. ಮಕ್ಕಳು ಫೋನ್ ಟಾರ್ಚ್ ಹಿಡಿದು ಹಸಿ ಹಿಟ್ಟು ತಿನ್ನುತ್ತಿದ್ದರು.

ಮರುವರ್ಷ ಹಠಕ್ಕೆ ಬಿದ್ದು ದೋಸೆ ಅಂತ ಘೋಷಿಸಿದೆ, ಗ್ಯಾಸ್ ಒಲೆ ತಂದೆ. 12 ಕಿಲೋ ಅಕ್ಕಿ, 3 ಕಿಲೋ ಉದ್ದು, ಎಲ್ಲವನ್ನೂ ನಮ್ಮ ಮನೆಯ ಚಿಕ್ಕ ಗ್ರೈಂಡರ್‌ನಲ್ಲಿ ಒಂಬತ್ತು ಸಲ ಹಾಕಿ ರುಬ್ಬಿದೆವು, ಹೆಂಡತಿ ಎರಡು ದಿನ ಮಾತಾಡಲಿಲ್ಲ. ಹಿಟ್ಟನ್ನು ಚರ್ಚಿನಲ್ಲೇ ಇಟ್ಟೆ. ಖರ್ಚು ಉಳಿಸಲು ವಾರದ ದಿನ ಹೀಟಿಂಗ್ ತಗ್ಗಿಸುತ್ತಾರೆ ಅನ್ನುವುದು ಮರೆತೇ ಹೋಗಿತ್ತು. ಅಲ್ಲ, ಆ ನಿಯಮ ಮಾಡಿದವನೇ ನಾನು. ಫೆಬ್ರವರಿ ಓಹಾಯೊ ಚಳಿ, ಹಿಟ್ಟು ಒಂದಿಂಚೂ ಉಬ್ಬಲಿಲ್ಲ. ದೋಸೆ ಹಪ್ಪಳದ ಹಾಗೆ ಬಂತು. ಇವರು "ಕ್ರಿಸ್ಪಿ" ಅಂತ ಹೊಗಳಿ ತಿಂದರು. ಜನವರಿ ವಾರ್ಷಿಕ ಸಭೆಯಲ್ಲಿ ನನ್ನನ್ನು ಮತ್ತೆ ಆರಿಸಲಿಲ್ಲ. ದೋಸೆಗಲ್ಲ ಅಂದರು, ಛಾವಣಿಗೆ 38,000 ಡಾಲರ್ ಎಸ್ಟಿಮೇಟ್ ತಂದಿದ್ದಕ್ಕಂತೆ. ಆಮೇಲೆ ಬಂದವನು 41,500 ಕೊಟ್ಟು ಮಾಡಿಸಿದ.

ಮೈಸೂರು ವೆಸ್ಲಿಯನ್:
ಹಳೇ ವಾರ್ಡನ್ ಅವರೇ, ಶ್ರೋವ್ ಮಂಗಳವಾರ ದೋಸೆ ಯಾವ ಲೆಕ್ಕ? ಬೂದಿ ಬುಧವಾರದ ಉಪವಾಸಕ್ಕೆ ಮುಂಚೆ ಮನೆಯ ಮೊಟ್ಟೆ, ಹಾಲು, ಬೆಣ್ಣೆ ಖಾಲಿ ಮಾಡಲು ಅಂತಲೇ ಪ್ಯಾನ್‌ಕೇಕ್ ಬಂದಿದ್ದು. ದೋಸೆಯಲ್ಲಿ ಇದರಲ್ಲಿ ಯಾವುದಿದೆ? ಎಲ್ಲದಕ್ಕೂ ನಮ್ಮದನ್ನು ತುರುಕಬಾರದು. ನಾನು 16 ವರ್ಷದಿಂದ ಇಲ್ಲಿನ ಎಪಿಸ್ಕೋಪಲ್ ಸಭೆಯಲ್ಲಿದ್ದೇನೆ, ಅವರ ಹಾಗೇ ಇದ್ದೇನೆ, ಒಂದು ದಿನ ಜಗಳ ಇಲ್ಲ. ಬಲ್ಮಠದವರೇ, ಮಂಗಳೂರ ಸಮಾಚಾರ ಮರುವರ್ಷವೇ ಬಳ್ಳಾರಿಗೆ ಹೋಗಿ "ಕಂನಡ ಸಮಾಚಾರ" ಆಯಿತು. ಪೂರ್ತಿ ಹೇಳಿ.

ಹಳೇ ವಾರ್ಡನ್:
ಬೆಣ್ಣೆ ದೋಸೆ ಅಂತ ಕೇಳಿದ್ದೀರಾ ಸ್ವಾಮಿ? ದಾವಣಗೆರೆಯೂ ಕರ್ನಾಟಕದಲ್ಲೇ ಇದೆ. 16 ವರ್ಷದಲ್ಲಿ ಒಂದು ದಿನವೂ ಜಗಳ ಇಲ್ಲ ಅಂದರೆ ಒಂದು ದಿನವೂ ಕೆಲಸ ಮಾಡಿಲ್ಲ ಅಂತ ಅರ್ಥ.

ಮೈಸೂರು ವೆಸ್ಲಿಯನ್:
ಆಲ್ಟರ್ ಗಿಲ್ಡ್‌ನಲ್ಲಿ (ಆರಾಧನೆಯ ಪಾತ್ರೆ, ಬಟ್ಟೆ ನೋಡಿಕೊಳ್ಳುವ ತಂಡ) ಪ್ರತಿ ಶನಿವಾರ ಬೆಳ್ಳಿ ಪಾತ್ರೆ ತಿಕ್ಕುವುದು ನಾನು. ಬಟ್ಟೆಯ ಮೇಲೆ ಬಿದ್ದ ದ್ರಾಕ್ಷಾರಸದ ಕಲೆ ತೆಗೆದು ಇಸ್ತ್ರಿ ಮಾಡುವುದು ನಾನು. ಮೈಕ್ ಹಿಡಿಯುವುದಿಲ್ಲ, ಅದಕ್ಕೇ ಯಾರಿಗೂ ಗೊತ್ತಿಲ್ಲ.

ಬೆಟಗೇರಿ ಅಕ್ಕ:
ಅಣ್ಣಂದಿರಾ, ಸಾಕು. ಆ ಹುಡುಗಿ ಕೇಳಿದ್ದೇನು, ನೀವು ಹೇಳುತ್ತಿರುವುದೇನು? (ಮೋಗ್ಲಿಂಗ್ ನಮ್ಮ ಮಿಷನ್‌ನವರೇ, ಪತ್ರಿಕೆ ಬಳ್ಳಾರಿಗೆ ಹೋದರೂ.)

ಧಾರವಾಡ ಟು ಜೆರ್ಸಿ:
ಎಲ್ಲರಿಗೂ ಥ್ಯಾಂಕ್ಸ್. ಅಕ್ಕ ಹೇಳಿದ ಹಾಗೆ ಪ್ರಿಂಟ್ ಬೇಕಾದವರನ್ನು ಫೋನ್ ಮಾಡಿ ಕೇಳಿದೆ, 31 ಮನೆ. ಅಕ್ಟೋಬರ್ 19, ಭಾನುವಾರ ಏಲಂ ಅಂತ ರೆಕ್ಟರ್ ಒಪ್ಪಿದ್ದಾರೆ. ಅವರು ಕೇಳಿದ್ದು ಒಂದೇ, ಜೊತೆಗೆ ರಾಫಲ್ (ಲಾಟರಿ ಥರದ) ಟಿಕೆಟ್ ಮಾರೋಣವೇ ಅಂತ.

ಹಳೇ ವಾರ್ಡನ್:
ಬೇಡ! ನಾನು ಓಹಾಯೊಗೆ ಮುಂಚೆ ನಾಲ್ಕು ವರ್ಷ ಜೆರ್ಸಿಯಲ್ಲಿದ್ದೆ. ಅಲ್ಲಿ ಚರ್ಚ್ ರಾಫಲ್ ಮಾಡಬೇಕಾದರೂ ರಾಜ್ಯದ ಕಮಿಷನ್‌ನಲ್ಲಿ ನೋಂದಣಿ ಆಗಬೇಕು, ಆಮೇಲೆ ಊರಿನ ಮುನಿಸಿಪಾಲಿಟಿಯಿಂದ ಲೈಸೆನ್ಸ್ ಬೇಕು. ನಾವು ಟಿಕೆಟ್ ಅಚ್ಚು ಹಾಕಿಸಿದ ಮೇಲೆ ಗೊತ್ತಾಗಿ 85 ಡಾಲರ್ ಟಿಕೆಟ್ ಕಸಕ್ಕೆ ಹೋಯಿತು. ಏಲಂ ಬೇರೆ, ರಾಫಲ್ ಬೇರೆ. ಅಂದಹಾಗೆ ನಿಮ್ಮ ಹಾಲ್‌ನ ಬ್ರೇಕರ್ ಪೆಟ್ಟಿಗೆ ಬೀಗದ ಕೈ ಯಾರ ಹತ್ತಿರ ಇದೆ?

ಬಲ್ಮಠದ ಹುಡುಗ:
19ಕ್ಕೆ ಮೈಕ್ ಯಾರು ಹಿಡಿಯುತ್ತಾರೆ? ನಾನು ಎರಡೂವರೆ ಗಂಟೆ ಡ್ರೈವ್ ಅಷ್ಟೇ. ಎರಡು ಕರಿಬೇವಿನ ಗಿಡ ತರುತ್ತೇನೆ.

ಟೆಕ್ಸಾಸ್ ಕ್ವಯರ್:
ರಾಜ್ಯದ ಗಡಿ ದಾಟಿಸುವ ಮುಂಚೆ ಒಂದು ಸಲ ವಿಚಾರಿಸಿ ಸಾರ್, ಸುಮ್ನೆ ಹೇಳಿದೆ.

ಧಾರವಾಡ ಟು ಜೆರ್ಸಿ:
ಬೀಗದ ಕೈ ಕೇಳಿದೆ. 22 ವರ್ಷ ಸುದ್ದಿಪತ್ರ ನೋಡಿಕೊಂಡ ಅಜ್ಜಿಯ ಪರ್ಸಿನಲ್ಲಿ ಹೋಗಿದೆಯಂತೆ. ಅಜ್ಜಿ ಈಗ ಆರಿಜೋನಾದಲ್ಲಿದ್ದಾರೆ.